ಠಸ್ಸೆ ಕೂರದ ಸಂಜೆ

ಬನ್ನಿ, ಇತ್ತ ಬನ್ನಿ, ಆ ಚಾಪೆಯ ತುದಿ ಎಳೆದುಕೊಂಡು ಕೂತುಕೊಳ್ಳಿ. ಕಾಲು ಚಾಚುವವರು ಚಾಚಿ, ನನ್ನ ಕಡೆಗೆ ಮಾತ್ರ ಬೇಡ. ಕೈಯಲ್ಲಿರುವ ಕೆಲಸ ಬದಿಗಿಡಿ. ನಡುವೆ ಎದ್ದು ಹೋದವರಿಗೆ ಮತ್ತೆ ಮೊದಲಿಂದ ಹೇಳುವವಳು ನಾನಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ.

ಒಂದು ಊರು. ಹೆಸರು ಕೇಳಬೇಡಿ. ಹೆಸರು ಹೇಳಿದರೆ ಹುಡುಕಿಕೊಂಡು ಹೋಗುತ್ತೀರಿ, ಅಲ್ಲಿನವರಿಗೆ ಮೊದಲೇ ಪುರುಸೊತ್ತಿಲ್ಲ. ಆ ಊರಿಗೂ ನಮ್ಮ ಸೂರ್ಯನೇ. ಹುಟ್ಟುವುದೇನೋ ಅವನ ಪಾಡಿಗೆ ಅವನು ಹುಟ್ಟುತ್ತಿದ್ದ. ಮುಳುಗುವುದು ಮಾತ್ರ ಅವನ ಕೈಯಲ್ಲಿರಲಿಲ್ಲ. ಆ ದಿನ ಅಂಚೆಗೆ ಬಿದ್ದ ಕಾಗದಗಳಿಗೆಲ್ಲ, ಅವುಗಳ ಮೇಲೆ ಅಂಟಿಸಿದ ಚೀಟಿಗಳಿಗೆಲ್ಲ, ಠಸ್ಸೆ ಬೀಳಬೇಕು. ಕೊನೆಯ ಚೀಟಿಗೆ ಠಸ್ಸೆ ಬಿದ್ದ ಮೇಲೆಯೇ ಸೂರ್ಯ ಗುಡ್ಡದ ಆಚೆ ಕಾಲಿಡಬೇಕು. ಒಂದೇ ಒಂದು ಚೀಟಿ ಉಳಿದರೂ ಅವನು ಗುಡ್ಡದ ನೆತ್ತಿಯ ಮೇಲೆ, ಬಾಗಿಲು ತೆರೆಯದ ಮನೆಯ ಮುಂದೆ ನಿಂತ ನೆಂಟನ ಹಾಗೆ, ನಿಂತೇ ಇರಬೇಕು.

ಹೊತ್ತು ಮುಳುಗದೆ ಆ ಊರಲ್ಲಿ ಯಾವುದೂ ಮುಗಿಯುತ್ತಿರಲಿಲ್ಲ. ಸಂಜೆಗೆ ಇಟ್ಟ ಅನ್ನ ಬೇಯದು. ಕಟ್ಟಿದ ಹಸು ಹಾಲಿಳಿಸದು. ಅತ್ತೆ ಸೊಸೆಯ ಜಗಳ ನಿಲ್ಲದು. ಹೆರುವವಳಿಗೆ ನೋವು ಬರುತ್ತದೆ, ಮಗು ಬಾರದು.

ಈ ನಿಯಮ ಯಾರು ಮಾಡಿದರೋ! ಅಂಚೆಯವರು ಸೂರ್ಯನನ್ನು ಬೈಯುತ್ತಿದ್ದರು, ಊರಿನವರು ಅಂಚೆಯವರನ್ನು ಬೈಯುತ್ತಿದ್ದರು. ಬೈಯುತ್ತಲೇ ಎಲ್ಲರೂ ಬದುಕುತ್ತಿದ್ದರು.

ಊರಿನ ಹಗಲೆಲ್ಲ ಒಬ್ಬ ಹೆಂಗಸಿನ ಕೈಯಲ್ಲಿತ್ತು. ಅವಳು ಠಸ್ಸೆಯವಳು. ಅವಳ ಅಮ್ಮನೂ ಠಸ್ಸೆಯವಳೇ. ಮರದ ಹಿಡಿ, ಹಿತ್ತಾಳೆಯ ಮುಖ, ಹಿಡಿದು ಹಿಡಿದು ಆ ಹಿಡಿಯಲ್ಲಿ ಅವಳ ಬೆರಳು ಕೂರುವ ಗುಳಿಗಳೇ ಬಿದ್ದಿದ್ದವು. ಹೊಡೆಯುವುದಕ್ಕೂ ಒಂದು ಕ್ರಮ ಇತ್ತು. ಮೊದಲು ಮಸಿಯ ಪ್ಯಾಡಿಗೆ, ಆಮೇಲೆ ಚೀಟಿಗೆ. ಪ್ಯಾಡಿಗೆ ಠಸ್, ಚೀಟಿಗೆ ಠಪ್. ಆ ದುಂಡು ಗುರುತು ಅರ್ಧ ಚೀಟಿಯ ಮೇಲೆ ಕೂರಬೇಕು, ಅರ್ಧ ಕಾಗದದ ಮೇಲೆ ಕೂರಬೇಕು. ಈ ಚೀಟಿ ಇನ್ನೊಂದು ಸಲ ಬಳಕೆಗೆ ಬಾರದು ಅನ್ನುವುದಕ್ಕೆ ಅದು, ಈ ಕಾಗದ ಇಂಥ ದಿನ ಹೊರಟಿತು ಅನ್ನುವುದಕ್ಕೆ ಇದು. ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ. ಠಸ್, ಠಪ್. ಅವಳು ಚೀಟಿಯ ಅಂಚು ನೋಡಿ ಹೊಡೆಯುತ್ತಿದ್ದಳೇ ಹೊರತು ಚೀಟಿಯ ಮೇಲೆ ಯಾರ ಮುಖವಿದೆ ಎಂದು ಕಣ್ಣೆತ್ತಿ ನೋಡಿದವಳಲ್ಲ. ನೋಡುತ್ತಾ ಕೂತರೆ ಹೊತ್ತು ಮುಳುಗಬೇಡವೇ?

ಆ ದಿನ ಅವಳ ಮಗಳಿಗೆ ನೋವು ಶುರುವಾಗಿತ್ತು. ಚೊಚ್ಚಲು. ಮಧ್ಯಾಹ್ನವೇ ಅಳಿಯ ಬಂದು ಅಂಚೆಮನೆಯ ಕಿಟಕಿಯ ಸರಳು ಹಿಡಿದು ಹೇಳಿ ಹೋಗಿದ್ದ. ಠಸ್ಸೆಯವಳು ಸೆರಗು ಸಿಕ್ಕಿಸಿ ಕೂತಳು. ಎಂದೂ ಹೊಡೆಯದ ವೇಗದಲ್ಲಿ ಹೊಡೆದಳು. ಠಸ್, ಠಪ್. ಠಸ್, ಠಪ್. ಆ ಬೆಳಗ್ಗೆ ಹೊಸ ಚೀಟಿ ಬಂದಿತ್ತು, ಊರಿಗೆ ಊರೇ ಕೊಂಡು ಅಂಟಿಸಿತ್ತು. ರಾಶಿ ಕರಗುತ್ತಾ ಬಂತು, ಸೂರ್ಯ ಇಳಿಯುತ್ತಾ ಬಂದ. ಕೊನೆಗೆ ಮೇಜಿನ ಮೇಲೆ ಒಂದು ಕಾಗದ ಉಳಿಯಿತು.

ಪ್ಯಾಡಿಗೆ ಠಸ್. ಚೀಟಿಗೆ ಠಪ್.

ಕೂರಲಿಲ್ಲ.

ಕಾಗದದ ಮೇಲಿನ ಅರ್ಧ ಚೆನ್ನಾಗಿಯೇ ಬಿತ್ತು. ಚೀಟಿಯ ಮೇಲಿನ ಅರ್ಧ ಮಾತ್ರ ಹನಿ ಹನಿಯಾಗಿ ಒಡೆದು, ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಉರುಳಿ ಹೋಯಿತು. ಹೊರಗೆ ಸೂರ್ಯ ಗುಡ್ಡದ ಆಚೆ ಅರ್ಧ ಇಳಿದವನು ಸರಕ್ಕನೆ ಮೇಲೆ ಬಂದು ನಿಂತ.

ಅವಳು ಇನ್ನೊಂದು ಸಲ ಹೊಡೆದಳು. ಸೂರ್ಯ ಅರ್ಧ ಇಳಿದ, ಮತ್ತೆ ಬಂದ. ಇನ್ನೊಂದು ಸಲ. ಮತ್ತೂ ಒಂದು ಸಲ. ಬೀದಿಯಲ್ಲಿ ಕೋಳಿಗಳು ಗೂಡಿಗೆ ಹೋದವು, ಹೊರಗೆ ಬಂದವು, ಹೋದವು, ಬಂದವು. ಹೆಂಗಸರು ದೀಪ ಹಚ್ಚಿದರು, ಆರಿಸಿದರು, ಹಚ್ಚಿದರು.

"ಏನ್ರೀ ಅದು, ಹಗಲನ್ನ ಜೋಕಾಲಿ ಆಡಿಸ್ತಾ ಇದ್ದೀರಾ?" ಎಂದು ಯಾರೋ ಬೀದಿಯಿಂದ ಕೂಗಿದರು. "ನಮ್ಮ ಕೋಳಿಗೆ ತಲೆ ತಿರುಗಿ ಬಿದ್ದೋಯ್ತು!"

ಒಳಗೆ ಗೂಡಿನವನು ನಕ್ಕ. ಗೂಡಿನವನೆಂದರೆ ಗೋಡೆಗೆ ಹೊಂದಿಸಿದ ಮರದ ಗೂಡುಗಳಿಗೆ ಕಾಗದಗಳನ್ನು ಊರು ಊರಿನ ಲೆಕ್ಕದಲ್ಲಿ ಎಸೆಯುವವನು. ಎಸೆದ ಕಾಗದ ತಪ್ಪಿದರೂ ತಪ್ಪೀತು, ಎಸೆದ ಮಾತು ತಪ್ಪುತ್ತಿರಲಿಲ್ಲ.

"ಠಸ್ಸೆಯಮ್ಮನಿಗೆ ಅಜ್ಜಿ ಆಗೋ ಮೊದಲೇ ಕೈ ನಡುಗ್ತಾ ಇದೆ."

"ನಿನ್ನ ನಾಲಗೆಗೆ ಹೊಡೆದು ತೋರಿಸ್ಲಾ? ನಡುಗುತ್ತೋ ಇಲ್ಲವೋ ಗೊತ್ತಾಗುತ್ತೆ," ಎಂದಳು ಅವಳು. "ಬಂದು ನೋಡು ಇಲ್ಲಿ. ಮಸಿ ಅಂಟ್ತಾ ಇಲ್ಲ."

ಅವನು ಬಂದು ನೋಡಿದ. ಮೂಸಿದ. "ಹರಳೆಣ್ಣೆ! ಯಾವನೋ ಚೀಟಿಗೆ ಹರಳೆಣ್ಣೆ ಕುಡಿಸಿಬಿಟ್ಟಿದ್ದಾನೆ. ಮಸಿ ತೊಳೆದು ಮತ್ತೆ ಅಂಟಿಸೋ ಜಿಪುಣ. ಕಳ್ಳ!"

ಅವಳು ಸೆರಗಿನಿಂದ ಒರೆಸಿದಳು. ಎಣ್ಣೆ ಚೀಟಿಯ ಹೊಟ್ಟೆಯೊಳಗೇ ಇಳಿದಿತ್ತು. ಒರೆಸಿದಷ್ಟೂ ಚೀಟಿ ಮಿರಿ ಮಿರಿ ಮಿಂಚಿತು.

ಆಗ ಒಳಗಿನ ಕೋಣೆಯಿಂದ ಅಂಚೆಯ ಯಜಮಾನ ಬಂದ. ಅವನಿಗೆ ಕೆಲಸ ಅಂತ ಇದ್ದದ್ದು ಒಂದೇ, ಯಾವುದು ಆಗದು ಎಂದು ಹೇಳುವುದು.

"ಒರೆಸಬಾರದು. ಒರೆಸಿದ ಚೀಟಿ ಚೀಟಿಯಲ್ಲ."

"ಹಾಗಾದ್ರೆ ಕಿತ್ತು ಬೇರೆ ಅಂಟಿಸ್ತೀನಿ ಯಜಮಾನ್ರೇ."

"ಕೀಳಬಾರದು. ಅಂಟಿಸಿದ ಮೇಲೆ ಚೀಟಿ ಕಾಗದದ್ದು."

"ಲೇಖನಿ ಕೊಡಿ, ಗೀಟು ಎಳೀತೀನಿ."

"ಗೀಟು ಗೀಟೇ. ಠಸ್ಸೆ ಠಸ್ಸೆಯೇ."

"ಕಾಗದ ಬಂದಿಲ್ಲ ಅಂದುಕೊಂಡು ಒಲೆಗೆ ಹಾಕಿಬಿಡೋಣ."

ಯಜಮಾನ ಎರಡೂ ಕಿವಿ ಮುಚ್ಚಿಕೊಂಡ. "ನಾನು ಕೇಳಿಸಿಕೊಳ್ಳಲಿಲ್ಲ. ನೀನು ಹೇಳಲಿಲ್ಲ. ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ. ಹೊಡಿ."

"ಹೊಡೆದೆನಲ್ಲಾ!"

"ಕೂರೋ ಹಾಗೆ ಹೊಡಿ."

ನೋಡಿ, ಇಂಥವರು ಎಲ್ಲಾ ಊರಲ್ಲೂ ಇರುತ್ತಾರೆ. ಬಾವಿಗೆ ಬಿದ್ದವರಿಗೆ ಒದ್ದೆಯಾಗಬೇಡ ಅನ್ನುವ ಜಾತಿ.

ಅಷ್ಟರಲ್ಲಿ ಕಿಟಕಿಯ ಸರಳಿಗೆ ಅಳಿಯನ ಮುಖ ಬಂದು ಒತ್ತಿಕೊಂಡಿತು. ಬೆವರು ಇಳಿಯುತ್ತಿತ್ತು. "ಅತ್ತೇ, ಏನು ಮಾಡ್ತಾ ಇದ್ದೀರಿ? ನೀವು ಹೊಡೆದಾಗೆಲ್ಲ ಮಗು ಕೆಳಗೆ ಬರುತ್ತಂತೆ, ಸೂರ್ಯ ಮೇಲೆ ಬಂದಾಗ ಮಗೂನೂ ಮೇಲೆ ಹೋಗುತ್ತಂತೆ. ಸೂಲಗಿತ್ತಿ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈತಾ ಇದ್ದಾಳೆ. ಒಂದೋ ಸರಿಯಾಗಿ ಹೊಡೀರಿ, ಇಲ್ಲ ಹೊಡೀಲೇಬೇಡಿ ಅಂದಳು. ಇವಳು... ಇವಳಿಗೆ ಕೂಗೋಕೂ ಶಕ್ತಿ ಇಲ್ಲ ಅತ್ತೇ."

ಠಸ್ಸೆಯವಳ ಕೈ ನಿಂತಿತು. ಅಲ್ಲಿಯವರೆಗೆ ಅವಳಿಗೆ ಬಂದದ್ದು ಸಿಟ್ಟು. ಈಗ ಸಿಟ್ಟಿನ ಕೆಳಗಿದ್ದ ಹೆದರಿಕೆ ತಣ್ಣಗೆ ಮೇಲೆದ್ದಿತು. ಹೊಡೆದರೆ ಮಗಳಿಗೆ ಹಿಂಸೆ. ಹೊಡೆಯದಿದ್ದರೆ ಹೊತ್ತು ಮುಳುಗದು, ಮಗು ಬಾರದು, ಮಗಳು ಉಳಿಯಳು.

ಅವಳು ಕಾಗದ ತಿರುಗಿಸಿ ಗೂಡಿನವನ ಮುಂದೆ ಹಿಡಿದಳು. "ಯಾವ ಊರಿನ ವಿಳಾಸ ಇದು? ಓದು."

"ಇದೇ ಊರು! ಕೆರೆಯ ಹಿಂದೆ, ಹರಳು ಗಿಡದ ಹಿತ್ತಲು, ಎಣ್ಣೆಯ ಮುದುಕಿಗೆ. ಕಳಿಸಿದವರ ಹೆಸರಿಲ್ಲ."

"ಯಾರು ಬರೆದದ್ದು ಅಂತ ಬರೆಸಿಕೊಂಡವಳಿಗೆ ಗೊತ್ತಿರುತ್ತೆ. ಆ ಕಳ್ಳನ್ನ ಹಿಡಿದು ಅವನ ಕೈಯಿಂದಲೇ ಎಣ್ಣೆ ನೆಕ್ಕಿಸ್ತೀನಿ," ಎಂದು ಎದ್ದಳು. ಕಾಗದ ಮಡಿಲಿಗೆ, ಪ್ಯಾಡು ಕಂಕುಳಿಗೆ, ಠಸ್ಸೆ ಕೈಗೆ.

ಯಜಮಾನ ಬಾಗಿಲಿಗೆ ಅಡ್ಡ ನಿಂತ. "ಠಸ್ಸೆ ಹೊರಗೆ ಹೋಗಬಾರದು. ಠಸ್ಸೆ ಬೀಳದ ಕಾಗದ ಮೇಜು ಬಿಡಬಾರದು. ಇವತ್ತಿನವರೆಗೆ ಹಾಗಾಗಿಲ್ಲ!"

"ಇವತ್ತು ಮುಗಿದರೆ ತಾನೇ ನಾಳೆ ನನ್ನ ಕೆಲಸದಿಂದ ತೆಗೀತೀರಿ? ತೆಗೆಯೋಕಾದ್ರೂ ಇವತ್ತು ಮುಗೀಬೇಕು. ದಾರಿ ಬಿಡಿ."

ಯಜಮಾನನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ತಪ್ಪು ಹುಡುಕುತ್ತಾ ನಿಂತಾಗ ಅವಳು ಅವನ ತೋಳಿನ ಕೆಳಗೆ ನುಸುಳಿ ಬೀದಿಗಿಳಿದಳು.

ಬೀದಿ ಎಂಥ ಬೀದಿ! ಎಲ್ಲರ ನೆರಳೂ ಉದ್ದಕ್ಕೆ ಬಿದ್ದು ಬಿದ್ದಲ್ಲೇ ಒಣಗಿತ್ತು. ಒಲೆಯ ಮುಂದೆ ಕೂತವಳು ಬೇಯದ ಅಕ್ಕಿಯನ್ನು ಹಿಚುಕಿ ಹಿಚುಕಿ ನೋಡುತ್ತಿದ್ದಳು. ಮಗ್ಗದವನು ಕೊನೆಯ ಎಳೆ ನೇಯುತ್ತಿದ್ದ, ಅದು ಕೊನೆಯದಾಗುತ್ತಲೇ ಇರಲಿಲ್ಲ. ಜಗಲಿಯ ಮೇಲೆ ಅತ್ತೆ ಸೊಸೆ, ಇಬ್ಬರಿಗೂ ಬೈಗುಳ ಮುಗಿದುಹೋಗಿ, ಬೈದದ್ದನ್ನೇ ಮೊದಲಿಂದ ಬೈಯುತ್ತಿದ್ದರು. ಠಸ್ಸೆಯವಳನ್ನು ಕಂಡದ್ದೇ ಎಲ್ಲರೂ ಅವಳ ಕಡೆಗೆ ತಿರುಗಿದರು. "ಇನ್ನೂ ಎಷ್ಟು ಹೊತ್ತೇ, ಪುಣ್ಯಾತ್ಗಿತ್ತೀ!" ಅವಳು ನಿಲ್ಲದೆ ಓಡಿದಳು.

ಕೆರೆಯ ಹಿಂದೆ ಹರಳು ಗಿಡಗಳ ನಡುವೆ ಒಂದು ಪುಟ್ಟ ಮನೆ. ಅಂಗಳ ಸಾರಿಸಿ ರಂಗೋಲಿ ಇಟ್ಟಿತ್ತು. ಬಾಗಿಲಿಗೆ ಮಾವಿನೆಲೆ ಕಟ್ಟಿತ್ತು. ಹೊಸಿಲ ಬಳಿ ಕಾಲು ತೊಳೆಯಲು ತಂಬಿಗೆಯಲ್ಲಿ ನೀರು, ಒಳಗೆ ಕೂರಲು ಮಣೆ, ಮಣೆಯ ಮುಂದೆ ಎಲೆ. ಜಗಲಿಯ ಮೇಲೆ ಎಣ್ಣೆಯ ಮುದುಕಿ ಹೊಸ ಸೀರೆ ಉಟ್ಟು, ದಾರಿಯ ಮೇಲೆ ಕಣ್ಣಿಟ್ಟು, ಮುಖ ಗಂಟು ಹಾಕಿಕೊಂಡು ಕೂತಿದ್ದಳು.

ಠಸ್ಸೆಯವಳು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು. "ಈಗ ಬಂದ್ಯಾ? ಬೆಳಗ್ಗೆ ಹಾಕಿದ ಕಾಗದ! ಎರಡು ಬೀದಿ ದಾಟೋಕೆ ಇಷ್ಟು ಹೊತ್ತಾ ನಿಮ್ಮ ಅಂಚೆಗೆ? ಮಾಡಿದ ಅಡುಗೆ ಎಲ್ಲಾ ಹಾಗೇ ಇದೆ. ಎಲ್ಲಿ, ಕೊಡು ನಮ್ಮಕ್ಕನ್ನ."

"ಯಾವ ಅಕ್ಕ? ಯಾರು ಹಾಕಿದ ಕಾಗದ?"

"ನಾನೇ ಹಾಕಿದ್ದು. ನನಗೇ ಹಾಕಿಕೊಂಡದ್ದು. ನಿನಗೇನು ಕಷ್ಟ?"

"ನನಗೇನು ಕಷ್ಟ! ಎಣ್ಣೆ ಹಚ್ಚಿದ ಕಳ್ಳಿ ನೀನೇನಾ? ಊರಿಗೂರೇ ನಿಂತುಹೋಗಿದೆ, ನನ್ನ ಮಗಳು ಅಲ್ಲಿ ಸಾಯ್ತಾ ಬಿದ್ದಿದ್ದಾಳೆ. ಒಂದು ಚೀಟಿ ಉಳಿಸೋಕೆ ಇಂಥ ಕೆಲಸ ಮಾಡ್ತಾರಾ?"

ಮುದುಕಿ ದಡಕ್ಕನೆ ಎದ್ದಳು. "ಚೀಟಿ ಉಳಿಸೋಕಲ್ಲ ಕಣೇ, ಮಾನ ಉಳಿಸೋಕೆ! ಆ ಚೀಟಿ ಮೇಲೆ ಯಾರಿದ್ದಾಳೆ ನೋಡಿದ್ದೀಯಾ? ಹಳೇ ಸೂಲಗಿತ್ತಿ. ನಮ್ಮಕ್ಕ. ಈ ಊರಿನ ಒಂದೊಂದು ತಲೇನೂ ಮೊದಲು ಮುಟ್ಟಿದ್ದು ಅವಳ ಕೈ. ಅವಳು ಸತ್ತ ಮೇಲೆ ಏನು ಮಾಡಿದ್ರಿ? ಮರ್ಯಾದೆ ಮಾಡ್ತೀವಿ ಅಂತ ಅವಳ ಮುಖ ಅಚ್ಚು ಹಾಕಿಸಿ, ಬೆಳಗ್ಗೆಯಿಂದ ಆ ಮುಖಕ್ಕೆ ಮಸಿ ಬಳೀತಾ ಇದ್ದೀರಿ. ಠಸ್ ಠಪ್, ಠಸ್ ಠಪ್! ಇಲ್ಲೀವರೆಗೂ ಕೇಳಿಸುತ್ತೆ. ಮುಖಕ್ಕೆ ಮಸಿ ಬಳಿಸಿಕೊಳ್ಳೋ ಅಂಥದ್ದು ಏನು ಮಾಡಿದ್ದಳು ಅವಳು?"

ಠಸ್ಸೆಯವಳು ಕೈಯಲ್ಲಿದ್ದ ಠಸ್ಸೆಯನ್ನು ಸೆರಗಿನ ಹಿಂದೆ ಸರಿಸಿದಳು.

"ಊರಿನವರ ಮನೆಗೆಲ್ಲ ಹೋದಳು," ಎಂದಳು ಮುದುಕಿ, ದನಿ ಇಳಿಸಿ. "ಯಾರು ಕರೆದರೂ ಹೋದಳು. ನಾನು ಪ್ರತಿ ಹಬ್ಬಕ್ಕೂ ಕರೆದೆ. ಬರ್ತೀನಿ ಕಣೇ ಅನ್ನೋಳು, ಹೊರಡೋ ಹೊತ್ತಿಗೆ ಯಾರಿಗೋ ನೋವು. ಅದಕ್ಕೇ ಈ ಸಲ ಅಂಚೇಲಿ ಕರೆಸಿಕೊಂಡೆ. ಒಂದು ಸಲ ತಂಗಿ ಮನೆಗೆ ಬರಲಿ. ಬರೋಳು ಮುಖಕ್ಕೆ ಮಸಿ ಬಳಿದುಕೊಂಡು ಬರಬೇಕಾ? ಬೀದೀಲಿ ನೋಡಿದವರು ಏನಂದಾರು?"

ಠಸ್ಸೆಯವಳು ಮಡಿಲಿಂದ ಕಾಗದ ತೆಗೆದಳು. ಬದುಕಿನಲ್ಲಿ ಮೊದಲ ಸಲ, ಅಂಚು ಬಿಟ್ಟು, ಮುಖ ನೋಡಿದಳು. ಎಣ್ಣೆ ಹೀರಿದ ಚೀಟಿಯ ಮೇಲೆ ಇಳಿಬಿಸಿಲು ಬಿದ್ದು, ಆಗ ತಾನೇ ಎರೆದು ಮಲಗಿಸಿದ ಕೂಸಿನ ಹಾಗೆ ಹಳೇ ಸೂಲಗಿತ್ತಿಯ ಮುಖ ಹೊಳೆಯಿತು. ಅದೇ ಅಗಲ ಹಣೆ. ಅದೇ ಬಿಗಿದ ತುಟಿ. ತನ್ನ ಮಗಳು ಹುಟ್ಟುವಾಗ ಇದೇ ಮುಖ ಮೇಲಿಂದ ಬಗ್ಗಿ "ಇನ್ನೊಂದೇ ಸಲ ತಿಣುಕು, ನನ್ನವ್ವ" ಎಂದಿತ್ತು.

"ಅಯ್ಯೋ," ಎಂದಳು ಅವಳು, ತನಗೇ ತಿಳಿಯದೆ. "ಎಷ್ಟು ಲಕ್ಷಣವಾಗಿದ್ದಾಳೆ!"

ಅಷ್ಟೇ. ಮುದುಕಿ ಚೀಟಿಗೆ ಅಂಗೈ ಅಡ್ಡ ಹಿಡಿದಳು. "ಹಾಗೆ ನೋಡ್ತಾ ನಿಲ್ಲಬೇಡವೇ! ಬರೀ ಕೆನ್ನೆ! ಕಣ್ಣು ತಾಗುತ್ತೆ!" ಎಂದವಳೇ ಒಳಗೆ ಓಡಿದಳು. ಹರಳೆಣ್ಣೆ ದೀಪದ ಮೇಲೆ ಮುಚ್ಚಳ ಕವಿಚಿ, ಕಟ್ಟಿದ ಕಪ್ಪನ್ನು ಹರಳೆಣ್ಣೆಯಲ್ಲೇ ಕಲಸಿಟ್ಟ ಕಾಡಿಗೆ ಅವಳ ಗೂಡಿನಲ್ಲಿ ಯಾವಾಗಲೂ ಇರುತ್ತಿತ್ತು. ಊರಿನ ಬಾಣಂತಿಯರೆಲ್ಲ ಅವಳಲ್ಲೇ ಒಯ್ಯುತ್ತಿದ್ದರು. ಆ ಕಾಡಿಗೆಯ ಡಬ್ಬಿ ಹಿಡಿದು, ತೋರುಬೆರಳಿಗೆ ಕಾಡಿಗೆ ತೆಗೆದುಕೊಂಡು ಓಡಿ ಬಂದಳು. "ಹಿಡಿ ಇತ್ತ, ಒಂದು ದೃಷ್ಟಿಬೊಟ್ಟು ಇಡ್ತೀನಿ."

ಬೆರಳು ಚೀಟಿಯ ಹತ್ತಿರ ಹೋಗಿ ನಿಂತಿತು. ಇಬ್ಬರೂ ಆ ಕಪ್ಪು ಬೆರಳನ್ನು ನೋಡಿದರು.

ಮಸಿಯೂ ಕಪ್ಪೇ. ಕಾಡಿಗೆಯೂ ಕಪ್ಪೇ.

"ಬೆರಳಲ್ಲಿ ಬೇಡ," ಎಂದಳು ಠಸ್ಸೆಯವಳು. "ಇದಕ್ಕೆ ಹಚ್ಚಿ." ಠಸ್ಸೆಯ ಹಿತ್ತಾಳೆ ಮುಖವನ್ನು ಸೆರಗಿನಿಂದ ಉಜ್ಜಿ ಉಜ್ಜಿ, ಮಸಿಯ ಸುಳಿವೂ ಇಲ್ಲದ ಹಾಗೆ ಮಾಡಿ ಮುಂದೆ ಹಿಡಿದಳು.

ಮುದುಕಿ ಅನುಮಾನದಿಂದ ನೋಡಿದಳು. "ಇದು ಮಸಿ ಬಳಿಯೋದಲ್ಲ ತಾನೇ?"

"ನನ್ನ ಮಗಳು ಹುಟ್ಟಿದಾಗ ಎರೆದು ಒರೆಸಿ ಕೆನ್ನೆಗೆ ಬೊಟ್ಟು ಇಟ್ಟದ್ದು ನಿಮ್ಮಕ್ಕನೇ. ಅವತ್ತು ಅವಳು ನನ್ನ ಮಗಳಿಗೆ ಮಸಿ ಬಳಿದಳಾ?"

"ನಾಲಗೆ ಬಿದ್ದೋಗುತ್ತೆ, ಹಾಗನ್ನಬೇಡ!"

"ಹಾಗಾದ್ರೆ ಇಡೋಣ, ಬನ್ನಿ. ಮಗು ಕಾಯ್ತಾ ಇದೆ."

"ಯಾರಿಗೋ ನೋವು ಬಂತು ಅಂತ ಈ ಸಲವೂ ಎಬ್ಬಿಸೋಕೆ ಬಂದ್ರಲ್ಲೇ," ಎಂದು ಮುದುಕಿ ಗೊಣಗಿದಳು. ಆದರೂ ಠಸ್ಸೆಯ ಮುಖಕ್ಕೆ ಬೆರಳಿನಿಂದ ಕಾಡಿಗೆ ಸವರಿದಳು, ಕೂಸಿನ ಹಣೆಗೆ ಸವರುವ ಹಾಗೆ. ಕಾಗದವನ್ನು ಜಗಲಿಯ ಮೇಲೆ ಇಟ್ಟರು. ಹಿಡಿಯ ಮೇಲೆ ಒಬ್ಬಳ ಕೈ, ಆ ಕೈಯ ಮೇಲೆ ಇನ್ನೊಬ್ಬಳ ಕೈ. ಈ ಸಲ ಠಸ್ ಇಲ್ಲ, ಠಪ್ ಇಲ್ಲ. ಮೆತ್ತಗೆ ಒತ್ತಿದರು. ಅರ್ಧ ಕೆನ್ನೆಯ ಮೇಲೆ, ಅರ್ಧ ಕಾಗದದ ಮೇಲೆ.

ಎಣ್ಣೆಗೆ ಎಣ್ಣೆ ಹೊಂದಿಕೊಂಡಿತು. ಕೂತಿತು.

ಸೂರ್ಯ ಅಷ್ಟು ಹೊತ್ತು ಹೊತ್ತಿದ್ದ ಮೂಟೆಯನ್ನು ಧೊಪ್ಪನೆ ಹಾಕಿದವನ ಹಾಗೆ ಗುಡ್ಡದ ಆಚೆ ಬಿದ್ದ. ಊರಿನ ಅನ್ನವೆಲ್ಲ ಒಟ್ಟಿಗೆ ಉಕ್ಕಿತು. ಹಸುಗಳೆಲ್ಲ ಒಟ್ಟಿಗೆ ಹಾಲಿಳಿಸಿದವು. ಮಗ್ಗದವನ ಎಳೆ ಮುಗಿಯಿತು. ಬೀದಿಯ ಆ ತುದಿಯಿಂದ, ಇಷ್ಟು ಹೊತ್ತು ಕಾಯಿಸಿದ ಸಿಟ್ಟನ್ನೆಲ್ಲ ಸೇರಿಸಿ, ಒಂದು ಕೂಸು ಕಿರುಚಿಕೊಂಡಿತು.

ಇನ್ನು ಯಾರು ಯಾರು ಏನಾದರು ಕೇಳಿ.

ಗೂಡಿನವನು ಹಾಗೆಯೇ ಇದ್ದಾನೆ. ಅಂಥವರಿಗೆ ಏನೂ ಆಗುವುದಿಲ್ಲ. ಅತ್ತೆ ಸೊಸೆಯ ಜಗಳ ಆ ಹೊತ್ತಿಗೆ ನಿಂತಿತು, ಬೆಳಗಾದ ಮೇಲೆ ಹೊಸದು ಶುರುವಾಯಿತು.

ಯಜಮಾನ ಠಸ್ಸೆಯವಳನ್ನು ತೆಗೆಯಬೇಕೆಂದು ಕೂತ. ಮೊದಲು ಕಾಡಿಗೆ ಮಸಿಯೋ ಅಲ್ಲವೋ ಎಂದು ತೀರ್ಮಾನವಾಗಬೇಕಲ್ಲ? ಮಸಿಯಾದರೆ ಅವಳು ನಿಯಮ ಪಾಲಿಸಿದಳು. ಮಸಿಯಲ್ಲವಾದರೆ ಆ ಠಸ್ಸೆ ಠಸ್ಸೆಯಲ್ಲ, ಆ ದಿನ ಮುಳುಗಲೇ ಇಲ್ಲ, ಮುಳುಗದ ದಿನದ ಮರುದಿನ ಯಾರನ್ನು ತೆಗೆಯುವುದು? ಯೋಚಿಸುತ್ತಾ ಯೋಚಿಸುತ್ತಾ ಅವನ ತಲೆ ಬೆಳ್ಳಗಾಯಿತು. ಈಗಲೂ ಯೋಚಿಸುತ್ತಿದ್ದಾನೆ. ಒಳ್ಳೆಯದೇ ಆಯಿತು, ಬೇರೆಯವರ ತಂಟೆಗೆ ಬರುವುದಿಲ್ಲ.

ಮಗಳು ಉಳಿದಳು. ಹುಟ್ಟಿದ್ದು ಹೆಣ್ಣುಕೂಸು. ಹೊತ್ತು ಮುಳುಗುತ್ತಿದ್ದ ಹಾಗೆಯೇ ಹುಟ್ಟಿತು, ಆ ದಿನದ್ದೇ ಎಂದು ಅಳಿಯ, ಮುಳುಗಿದ ಮೇಲೆ ಹುಟ್ಟಿತು, ಮರುದಿನದ್ದು ಎಂದು ಸೂಲಗಿತ್ತಿ. ಇಬ್ಬರೂ ಬಿಟ್ಟುಕೊಡಲಿಲ್ಲ. ಕೂಸಿಗೆ ವರ್ಷಕ್ಕೆ ಎರಡು ದಿನ ಪಾಯಸ.

ಎಣ್ಣೆಯ ಮುದುಕಿ ಅಕ್ಕನನ್ನು ಮಣೆಯ ಮೇಲೆ ಕೂರಿಸಿ, ಎಲೆಗೆ ಬಡಿಸಿ, ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಬೆಳಗಾಗುವ ತನಕ ಜಗಳವಾಡಿದಳು. ಅಕ್ಕ ಎದುರು ಮಾತಾಡಲಿಲ್ಲ. ಕಾಗದದ ಒಳಗೆ ಏನಿತ್ತು ಅಂತೀರಾ? ಏನೂ ಇರಲಿಲ್ಲ. ಬರುವವಳು ಹೊರಗೇ ಕೂತಿದ್ದಳಲ್ಲ, ಒಳಗೆ ಯಾರಿಗೆ ಏನು ಕೆಲಸ? ಆಮೇಲೆ ಮುದುಕಿ ಹೆಚ್ಚು ದಿನ ಇರಲಿಲ್ಲ. ಹೋಗುವಾಗ ಮುಖ ಗಂಟು ಹಾಕಿರಲಿಲ್ಲ ಎಂದು ನೋಡಿದವರು ಹೇಳುತ್ತಾರೆ.

ಠಸ್ಸೆಯವಳು ಈಗಲೂ ಹೊಡೆಯುತ್ತಾಳೆ. ಆದರೆ ಪ್ಯಾಡಿಗೆ ಠಸ್ ಅಂದ ಮೇಲೆ ಚೀಟಿಗೆ ಠಪ್ ಅನ್ನುವ ಮೊದಲು ನಡುವೆ ಒಂದು ಚೂರು ನಿಲ್ಲುತ್ತಾಳೆ. ಯಾರಿದ್ದಾರೆ ಎಂದು ಬಗ್ಗಿ ಮುಖ ನೋಡುತ್ತಾಳೆ. ಕಣ್ಣು ಬಾಯಿ ತಪ್ಪಿಸಿ ಕೆನ್ನೆ ಹುಡುಕುತ್ತಾಳೆ. ಆಮೇಲೆ ಒತ್ತುತ್ತಾಳೆ. ಹಾಗಾಗಿ ಆ ಊರಿನಲ್ಲಿ ಸಂಜೆ ದಿನವೂ ತಡ. ಅನ್ನ ತಡ, ಹಾಲು ತಡ, ದೀಪ ತಡ. ಜನ ಕಿಟಕಿಗೆ ಬಂದು ಬಾಯಿಗೆ ಬಂದ ಹಾಗೆ ಬೈಯುತ್ತಾರೆ.

ಬೈಯಲಿ.